ಫ್ಯೂಸ್ ತಂತಿಯ ಪೂರ್ವೋತ್ತರ

ಹಳೆಯ ಮನೆಗಳ ಹಜಾರದಲ್ಲಿ, ಮೀಟರಿನ ಪಕ್ಕದ ಮರದ ಹಲಗೆಯ ಮೇಲೆ, ಬಿಳಿಯ ಪಿಂಗಾಣಿಯ ಎರಡು ಮೂರು ತುಂಡುಗಳು ಸಾಲಾಗಿ ಕುಳಿತಿರುವುದನ್ನು ಎಲ್ಲರೂ ಕಂಡಿದ್ದಾರೆ. ಅವುಗಳ ಒಳಗೇನಿದೆಯೆಂಬುದನ್ನು ದೀಪವು ಆರಿದ ಹೊರತು ಯಾರೂ ನೋಡಲು ಹೋಗುವುದಿಲ್ಲ. ನೋಡಿದರೆ ಕಾಣುವುದು ಎರಡು ಮೂರು ಕೂದಲುಗಳಷ್ಟು ದಪ್ಪನಾದ ಒಂದು ಎಳೆ ತಂತಿ. ಮನೆಯಲ್ಲಿರುವ ವಿದ್ಯುತ್ ಸಾಮಗ್ರಿಗಳ ಪೈಕಿ ಇದಕ್ಕಿಂತ ಅಗ್ಗವಾದ ವಸ್ತುವಿಲ್ಲ. ಮನೆಯ ಗೋಡೆಗಳೊಳಗಿನ ತಂತಿಗಳು ಉರಿದು ಹೋಗದೆ ಉಳಿದಿರುವುದು ಬಹುಮಟ್ಟಿಗೆ ಇದರಿಂದಲೇ. ಈ ಎಳೆಯ ಇತಿಹಾಸವು ಸುಮಾರು ನೂರೆಂಭತ್ತು ವರ್ಷಗಳದ್ದು. ಅದರಲ್ಲಿ ಅರ್ಧವು ಲೋಹಗಳ ಸ್ವಭಾವವನ್ನು ಅರಿತ ವಿದ್ವಾಂಸರ ಕಥೆ. ಉಳಿದರ್ಧವು, ಕರಗಿದ ತಂತಿಯ ಸ್ಥಳದಲ್ಲಿ ಕರಗದ ತಂತಿಯನ್ನು ಕಟ್ಟುವ ಮನುಷ್ಯನ ಕೈಯೊಡನೆ ಅವರು ಇಂದಿಗೂ ನಡೆಸುತ್ತಿರುವ ವ್ಯಾಜ್ಯದ ಕಥೆ.

ತಂತಿಯಲ್ಲಿ ವಿದ್ಯುತ್ತು ಹರಿದರೆ ತಂತಿಯು ಬಿಸಿಯಾಗುವುದೆಂಬ ಸಂಗತಿಯು ಹತ್ತೊಂಬತ್ತನೆಯ ಶತಮಾನದ ಆರಂಭಕ್ಕೇ ತಿಳಿದಿದ್ದಿತು. ಎಷ್ಟು ಬಿಸಿಯಾಗುವುದೆಂಬುದಕ್ಕೆ ಲೆಕ್ಕವನ್ನು ಕಟ್ಟಿಕೊಟ್ಟವನು ಇಂಗ್ಲೆಂಡಿನ ಸಾಲ್ಫರ್ಡ್ ಪಟ್ಟಣದ ಜೇಮ್ಸ್ ಪ್ರೆಸ್ಕಾಟ್ ಜೂಲ್ ಎಂಬಾತನು. ಈತನು ವಿಶ್ವವಿದ್ಯಾಲಯದಲ್ಲಿ ಓದಿದವನಲ್ಲ; ಬಿಯರ್ ತಯಾರಿಸುವ ಮನೆತನದಲ್ಲಿ ಹುಟ್ಟಿ, ಬಿಡುವಿನ ವೇಳೆಯಲ್ಲಿ ಪ್ರಯೋಗಗಳನ್ನು ನಡೆಸುತ್ತಿದ್ದ ತರುಣನು. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಅದರಲ್ಲಿ ವಿದ್ಯುತ್ತನ್ನು ಹರಿಸಿ, ನೀರಿನ ಶಾಖವು ಎಷ್ಟು ಏರಿತೆಂಬುದನ್ನು ಅಳೆದು ನೋಡಿ, 1841ರಲ್ಲಿ ತನ್ನ ನಿಯಮವನ್ನು ಪ್ರಕಟಿಸಿದನು. ತಂತಿಯಲ್ಲಿ ಹುಟ್ಟುವ ಉಷ್ಣವು ತಂತಿಯ ರೋಧಕ್ಕೂ, ಪ್ರವಾಹದ ವರ್ಗಕ್ಕೂ ಸಮಾನುಪಾತದಲ್ಲಿರುತ್ತದೆಂಬುದೇ ಆ ನಿಯಮ. ಇದರಲ್ಲಿ ವರ್ಗವೆಂಬ ಮಾತನ್ನು ಗಮನಿಸತಕ್ಕದ್ದು. ಪ್ರವಾಹವು ಎರಡರಷ್ಟಾದರೆ ಉಷ್ಣವು ನಾಲ್ಕರಷ್ಟು. ಪ್ರವಾಹವು ಹತ್ತರಷ್ಟಾದರೆ ಉಷ್ಣವು ನೂರರಷ್ಟು. 5 ಆಂಪಿಯರ್ ಪ್ರವಾಹಕ್ಕೆಂದು ಹಾಕಿದ ಮನೆಯ ತಂತಿಯಲ್ಲಿ ಹೊದಿಕೆಯು ಸವೆದು ಎರಡು ಎಳೆಗಳು ಒಂದನ್ನೊಂದು ಮುಟ್ಟಿದುವೆನ್ನೋಣ. ದೀಪದ ಮಾರ್ಗವನ್ನು ಬಿಟ್ಟು ವಿದ್ಯುತ್ತು ಈ ಅಡ್ಡದಾರಿಯನ್ನು ಹಿಡಿಯುತ್ತದೆ. ಇದಕ್ಕೇ ಷಾರ್ಟ್ ಸರ್ಕ್ಯೂಟೆಂದು ಹೆಸರು. ಆ ದಾರಿಯ ರೋಧವು ಅರ್ಧ ಓಮ್ ಇದ್ದರೆ, 230 ವೋಲ್ಟಿನ ಒತ್ತಡಕ್ಕೆ 460 ಆಂಪಿಯರ್ ಹರಿಯುವುದು. ಪ್ರವಾಹವು 92ರಷ್ಟು, ಉಷ್ಣವು ಎಂಟು ಸಾವಿರದ ನಾಲ್ಕು ನೂರಕ್ಕೂ ಮಿಗಿಲಾದಷ್ಟು. ಗೋಡೆಯೊಳಗಿನ ತಂತಿಯು ಕೆಂಪಗೆ ಕಾಯಲು ನಿಮಿಷಗಳು ಬೇಕಾಗಿಲ್ಲ.

ಈ ಉಷ್ಣವನ್ನು ತಡೆಯಲಾಗದಿದ್ದರೆ ಅದು ಎಲ್ಲಿ ತನ್ನ ಕೆಲಸವನ್ನು ಮಾಡಬೇಕೆಂಬುದನ್ನಾದರೂ ಮನುಷ್ಯನು ನಿರ್ಣಯಿಸಬಹುದಲ್ಲವೆ? ಈ ಯುಕ್ತಿಯು ಮೊದಲು ಹೊಳೆದುದು ದೀಪಗಳ ಸಂಬಂಧದಲ್ಲಿ ಅಲ್ಲ, ಸಿಡಿಲಿನ ಸಂಬಂಧದಲ್ಲಿ. ಬಯಲಿನಲ್ಲಿ ಮೈಲಿಗಟ್ಟಲೆ ಎಳೆದ ಟೆಲಿಗ್ರಾಫ್ ತಂತಿಗಳಿಗೆ ಸಿಡಿಲು ಹೊಡೆದಾಗ ಅದು ತಂತಿಯನ್ನೇ ಹಿಡಿದು ಕಚೇರಿಯೊಳಕ್ಕೆ ಬಂದು ಯಂತ್ರಗಳನ್ನು ಸುಡುತ್ತಿದ್ದಿತು. ಪ್ಯಾರಿಸಿನ ಲೂಯಿ ಬ್ರೆಗೆ ಎಂಬಾತನು, ಅಂದರೆ ಸುಪ್ರಸಿದ್ಧ ಗಡಿಯಾರ ಶಿಲ್ಪಿಯಾದ ಅಬ್ರಹಾಂ ಲೂಯಿ ಬ್ರೆಗೆಯ ಮೊಮ್ಮಗನು, 1847ರಲ್ಲಿ ಇದಕ್ಕೊಂದು ಉಪಾಯವನ್ನು ಸೂಚಿಸಿದನು. ಕಚೇರಿಯನ್ನು ಪ್ರವೇಶಿಸುವುದಕ್ಕೆ ಮೊದಲು ದಪ್ಪ ತಂತಿಯ ನಡುವೆ ಸಣ್ಣ ತಂತಿಯ ತುಂಡೊಂದನ್ನು ಜೋಡಿಸಬೇಕು. ಸಿಡಿಲಿನ ಪ್ರವಾಹವು ಬಂದಾಗ ಆ ಸಣ್ಣ ತುಂಡು ಕರಗಿ ದಾರಿಯು ಕಡಿದು ಹೋಗುತ್ತದೆ. ಯಂತ್ರವೂ ಅದರ ಮುಂದೆ ಕುಳಿತ ಗುಮಾಸ್ತನೂ ಉಳಿಯುತ್ತಾರೆ. ಗಟ್ಟಿಯಾದ ಸರಪಣಿಯಲ್ಲಿ ಬೇಕೆಂದೇ ಒಂದು ದುರ್ಬಲವಾದ ಕೊಂಡಿಯನ್ನಿಟ್ಟು, ಒಡೆಯುವ ಜಾಗವನ್ನು ಮೊದಲೇ ಗೊತ್ತುಮಾಡುವ ಈ ವಿಚಾರವು ಫ್ಯೂಸಿನ ಬೀಜವೆನ್ನಬಹುದು. 1864ರ ಹೊತ್ತಿಗೆ ಇಂತಹ ಕರಗುವ ತಂತಿಗಳು ಟೆಲಿಗ್ರಾಫ್ ಕೇಬಲುಗಳ ರಕ್ಷಣೆಗೆ ಬಳಕೆಯಲ್ಲಿದ್ದುವು.

ಹೆಸರಿನ ವಿಷಯದಲ್ಲಿಯೂ ಒಂದು ಮಾತನ್ನು ಇಲ್ಲಿ ಹೇಳಬಹುದು. ಸಿಡಿಮದ್ದಿಗೆ ಹಚ್ಚುವ ಬತ್ತಿಗೂ ಇಂಗ್ಲಿಷಿನಲ್ಲಿ ಫ್ಯೂಸೆಂದೇ ಹೆಸರಿರುವುದರಿಂದ ಎರಡೂ ಒಂದೇ ಪದವೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಬತ್ತಿಯ ಹೆಸರು ಲ್ಯಾಟಿನ್ನಿನಲ್ಲಿ ನೂಲುವ ಕದಿರು ಎಂಬ ಅರ್ಥವುಳ್ಳ ಪದದಿಂದ ಬಂದುದು. ವಿದ್ಯುತ್ತಿನ ಫ್ಯೂಸಾದರೋ ಸುರಿ, ಕರಗಿಸು ಎಂಬ ಅರ್ಥಗಳುಳ್ಳ ಲ್ಯಾಟಿನ್ ಧಾತುವಿನದು. ಆ ಧಾತುವಿಗೂ ಸಂಸ್ಕೃತದ ಹು ಧಾತುವಿಗೂ ಮೂಲವೊಂದೇ ಎಂದು ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಅಗ್ನಿಯಲ್ಲಿ ತುಪ್ಪವನ್ನು ಸುರಿಯುವ ಹೋಮವೂ ಆಹುತಿಯೂ ಹುಟ್ಟಿದ ಧಾತು ಅದೇ. ಪಿಂಗಾಣಿಯ ಗೂಡಿನೊಳಗಿನ ಎಳೆಗೆ ಆಹುತಿಯೆಂಬ ಮಾತು ದೂರದ ಬಂಧುವಾಗಬೇಕೆಂಬುದು ಯಾರೂ ಯೋಜಿಸಿ ಮಾಡಿದುದಲ್ಲ.

ದೀಪಗಳ ಕಾಲವು ಬಂದುದು 1880ರ ಸುಮಾರಿಗೆ. ಅಮೆರಿಕದ ತಾಮಸ್ ಎಡಿಸನ್ನನು ಬಲ್ಬನ್ನು ಮಾತ್ರ ಮಾಡಿದನೆಂದು ಮಕ್ಕಳ ಪಾಠಗಳಲ್ಲಿ ಬರೆಯುವುದುಂಟು. ಆತನ ನಿಜವಾದ ಸಾಹಸವು ವಿದ್ಯುತ್ತನ್ನು ಮನೆಮನೆಗೆ ಮಾರುವ ಸಂಪೂರ್ಣ ವ್ಯವಸ್ಥೆಯನ್ನು ಕಟ್ಟಿದುದರಲ್ಲಿದೆ. ಉತ್ಪಾದಕ ಯಂತ್ರ, ನೆಲದೊಳಗಿನ ತಂತಿ, ಮೀಟರು, ಸ್ವಿಚ್ಚು, ಇವುಗಳೊಡನೆ ಸುರಕ್ಷತೆಯ ತಂತಿಯೂ ಆ ವ್ಯವಸ್ಥೆಯ ಅಂಗವಾಗಿದ್ದಿತು. 1880ರಲ್ಲಿಯೇ ಆತನು ಅದಕ್ಕೆ ಪೇಟೆಂಟನ್ನು ಪಡೆದನು. ಕರಗಿದ ಲೋಹದ ಹನಿಗಳು ಸಿಡಿದು ಬೇರೆ ಅನಾಹುತವನ್ನು ಮಾಡದಂತೆ ತಂತಿಯನ್ನು ಹೊದಿಕೆಯೊಳಗೆ ಇಡಬೇಕೆಂಬ ವಿವೇಕವು ಆ ಮೊದಲ ಪತ್ರದಲ್ಲಿಯೇ ಇದೆ. 1882ನೆಯ ಇಸವಿ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನ ವಿದ್ಯುದಾಗಾರವು ಸುಮಾರು 400 ದೀಪಗಳಿಗೆ ವಿದ್ಯುತ್ತನ್ನು ಕೊಡಲಾರಂಭಿಸಿತು. ಎಡಿಸನ್ನನು 1890ರಲ್ಲಿ ಪಡೆದ ಮತ್ತೊಂದು ಪೇಟೆಂಟು ಫ್ಯೂಸನ್ನು ಕೂರಿಸುವ ಪೀಠದ್ದು.

ಈ ಎಚ್ಚರಿಕೆಯು ಎಷ್ಟು ಅವಶ್ಯವಾಗಿದ್ದಿತೆಂಬುದಕ್ಕೆ ಎಡಿಸನ್ನನೇ ಮುಂದೆ ಹೇಳುತ್ತಿದ್ದ ಒಂದು ಪ್ರಸಂಗವುಂಟು. ನ್ಯೂಯಾರ್ಕಿನ ಕೋಟ್ಯಧೀಶನಾದ ವಿಲಿಯಂ ವ್ಯಾಂಡರ್‌ಬಿಲ್ಟನ ಹೊಸ ಮನೆಗೆ ದೀಪಗಳನ್ನು ಹಾಕಿ ತೋರಿಸುತ್ತಿದ್ದಾಗ, ಚಿತ್ರಶಾಲೆಯ ಗೋಡೆಯಲ್ಲಿ ಹೊಗೆಯೆದ್ದಿತು. ಗೋಡೆಗೆ ಹೊದಿಸಿದ್ದ ಬಟ್ಟೆಯಲ್ಲಿ ಜರತಾರಿಯಂತಹ ಸಣ್ಣ ಲೋಹದ ಎಳೆಗಳಿದ್ದುವು. ಎರಡು ತಂತಿಗಳ ನಡುವೆ ಅವು ಸೇತುವೆಯಾಗಿ, ಕೆಂಪಗೆ ಕಾದು, ಬಟ್ಟೆಯು ಹೊತ್ತಿಕೊಂಡಿತು. ಒಡನೆ ಯಂತ್ರವನ್ನು ನಿಲ್ಲಿಸಿ ಬೆಂಕಿಯನ್ನು ಆರಿಸಿದರು. ಮನೆಯೊಡತಿಯು ಬಂದು ವಿಚಾರಿಸಲು, ನೆಲಮಾಳಿಗೆಯಲ್ಲಿ ಆವಿಯ ಬಾಯ್ಲರು ಇದೆಯೆಂಬುದೂ ಆಗಲೇ ಆಕೆಗೆ ತಿಳಿದು, ಬಾಯ್ಲರಿನ ಮೇಲೆ ಸಂಸಾರ ಮಾಡಲು ತನ್ನಿಂದಾಗದೆಂದು ಹೇಳಿ ಎಲ್ಲವನ್ನೂ ಕೀಳಿಸಿಬಿಟ್ಟಳು. ಈ ಕಥೆಯಲ್ಲಿ ನಗುವುದಕ್ಕೆ ಅವಕಾಶವಿದ್ದರೂ ಆಕೆಯ ಭಯವು ನಿರಾಧಾರವಾದುದಲ್ಲ. ಫ್ಯೂಸಿನ ಮಿತಿಯೊಂದು ಸಹ ಇಲ್ಲಿ ಕಾಣುತ್ತದೆ. ದಪ್ಪ ತಂತಿಗೆ ಸರಿಯಾಗಿ ಆರಿಸಿದ ಫ್ಯೂಸು ಜರತಾರಿಯ ಎಳೆಯನ್ನು ಕಾಯಲಾರದು. ಅದು ಕರಗುವಷ್ಟು ಪ್ರವಾಹವು ಕೂಡುವ ಮೊದಲೇ ಜರತಾರಿಯು ಉರಿದಿರುತ್ತದೆ. ತಾನು ಯಾವ ತಂತಿಗಾಗಿ ನೇಮಕವಾಗಿದೆಯೋ ಆ ತಂತಿಗೆ ಮಾತ್ರ ಫ್ಯೂಸು ಕಾವಲುಗಾರ.

ಇಂಗ್ಲೆಂಡಿನಲ್ಲಿ ಈ ವಿಷಯವನ್ನು ಮೊದಲು ಮನಸ್ಸಿಗೆ ತಂದುಕೊಂಡವರಲ್ಲಿ ಬೆಂಕಿ ವಿಮೆಯವರು ಸೇರಿದ್ದುದು ಸಹಜವೇ. ಫೀನಿಕ್ಸ್ ಎಂಬ ಬೆಂಕಿ ವಿಮಾ ಸಂಸ್ಥೆಯು 1882ರಲ್ಲಿ ವಿದ್ಯುದ್ದೀಪಗಳ ಅಳವಡಿಕೆಗೆ ನಿಯಮಗಳನ್ನು ಮಾಡಿತು. ಅದೇ ವರ್ಷ ಟೆಲಿಗ್ರಾಫ್ ಇಂಜನಿಯರುಗಳ ಸಂಘವೂ ಬೆಂಕಿಯ ಅಪಾಯವನ್ನು ತಡೆಯುವ ನಿಯಮಾವಳಿಯನ್ನು ಹೊರಡಿಸಿತು. ಪ್ರವಾಹವು ಮಿತಿಮೀರಿದರೆ ಕರಗಿ ಮಂಡಲವನ್ನು ಕಡಿಯುವಂತಹ ಸುಲಭ ದ್ರಾವ್ಯ ಲೋಹದ ತುಂಡನ್ನು ಇಡಬೇಕೆಂದು ಅದು ವಿಧಿಸಿತು. ವಿಧಿಸಿದ್ದೇನೋ ಆಯಿತು; ಎಷ್ಟು ದಪ್ಪದ ತುಂಡು, ಯಾವ ಲೋಹ, ಎಷ್ಟು ಉದ್ದ ಎಂಬುದು ಮಾತ್ರ ಬಹಳ ಮಂದಿಗೆ ತಿಳಿಯದು. ಒಬ್ಬನು ಸೀಸವನ್ನೂ ಮತ್ತೊಬ್ಬನು ತವರದ ರೇಕನ್ನೂ ತನಗೆ ತೋಚಿದಂತೆ ಹಾಕುತ್ತಿದ್ದನು.

ಇದಕ್ಕೆ ಗಣಿತದ ಆಧಾರವನ್ನು ಒದಗಿಸಿದವನು ಬ್ರಿಟಿಷ್ ಅಂಚೆ ಇಲಾಖೆಯ ವಿದ್ಯುತ್ ತಜ್ಞನಾದ ವಿಲಿಯಂ ಹೆನ್ರಿ ಪ್ರೀಸ್ ಎಂಬಾತನು. 1884ರಿಂದ 1888ರವರೆಗೆ ರಾಯಲ್ ಸೊಸೈಟಿಯ ಮುಂದೆ ಆತನು ಮಂಡಿಸಿದ ಪ್ರಬಂಧಗಳಲ್ಲಿರುವ ಸೂತ್ರವು ನೋಡಲು ಸರಳ, ಅರ್ಥದಲ್ಲಿ ಸುಂದರ. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ತಂತಿಯು ದಪ್ಪವಾದಷ್ಟೂ ರೋಧವು ಕಡಮೆಯಾಗುವುದರಿಂದ ಆ ಉಷ್ಣವು ವ್ಯಾಸದ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ. ಹುಟ್ಟಿದ ಉಷ್ಣವು ಗಾಳಿಗೆ ಹೋಗುವುದು ತಂತಿಯ ಹೊರಮೈಯಿಂದ. ಹೊರಮೈಯು ವ್ಯಾಸಕ್ಕೆ ಅನುಗುಣವಾದುದು. ಹುಟ್ಟುವುದೂ ಹೋಗುವುದೂ ಸರಿಯಾಗಿ ತೂಗುವ ಎಲ್ಲೆಯಲ್ಲಿ ಪ್ರವಾಹದ ವರ್ಗವು ವ್ಯಾಸದ ಘನಕ್ಕೆ ಸಮಾನುಪಾತವಾಗುತ್ತದೆ. ಆ ಎಲ್ಲೆಯನ್ನು ದಾಟಿದರೆ ತಂತಿಯು ಕರಗುತ್ತದೆ. ಗಾಳಿಯಲ್ಲಿ ಹಿಡಿದ 1 ಮಿಲಿಮೀಟರ್ ವ್ಯಾಸದ ತಂತಿಯನ್ನು ತೆಗೆದುಕೊಂಡರೆ, ಪ್ರೀಸನ ಲೆಕ್ಕದಲ್ಲಿ ಸೀಸವು ಸುಮಾರು 11 ಆಂಪಿಯರಿಗೂ, ತವರವು ಸುಮಾರು 13 ಆಂಪಿಯರಿಗೂ, ತಾಮ್ರವು 80 ಆಂಪಿಯರಿಗೂ ಕರಗುತ್ತವೆ. ಸೀಸದ ಫ್ಯೂಸು ಹೋದಾಗ ಅಷ್ಟೇ ದಪ್ಪದ ತಾಮ್ರವನ್ನು ಕಟ್ಟಿದ ಮನೆಯವನು, ಕಣ್ಣಿಗೆ ಏನೂ ವ್ಯತ್ಯಾಸ ಕಾಣದೆ, ಕಾವಲನ್ನು ಏಳು ಪಾಲು ಸಡಿಲಿಸಿದಂತಾಯಿತು. ತಾಮ್ರವನ್ನೇ ಬಳಸಿ ವ್ಯಾಸವನ್ನು ಎರಡರಷ್ಟು ಮಾಡಿದರೆ ಕರಗುವ ಪ್ರವಾಹವು ಎರಡರಷ್ಟಲ್ಲ, ಎರಡು ಮುಕ್ಕಾಲರಷ್ಟಕ್ಕೂ ಹೆಚ್ಚು. 5 ಆಂಪಿಯರಿನ ಫ್ಯೂಸಿಗೆ ಹಾಕುವ ತವರ ಸವರಿದ ತಾಮ್ರದ ತಂತಿಯ ವ್ಯಾಸವು 0.2 ಮಿಲಿಮೀಟರ್; ಅದು ಕರಗುವುದು ಸುಮಾರು 7 ಆಂಪಿಯರಿಗೆ. 5ಕ್ಕೂ 7ಕ್ಕೂ ನಡುವಣ ಈ ಅಂತರವು ಲೋಪವಲ್ಲ. ಮೋಟಾರು ಹೊರಡುವಾಗ ಕ್ಷಣಕಾಲ ಏರುವ ಪ್ರವಾಹಕ್ಕೆಲ್ಲ ಫ್ಯೂಸು ಹಾರುತ್ತಿದ್ದರೆ ಯಾರಿಗೂ ನೆಮ್ಮದಿಯಿರದು. 1887ರಲ್ಲಿ ಇದೇ ವಿಷಯವನ್ನು ಕುರಿತು ಪ್ರಬಂಧವನ್ನೋದಿದ ಕಾಕ್‌ಬರ್ನ್ ಎಂಬಾತನು ಇನ್ನೊಂದು ಸೂಕ್ಷ್ಮವನ್ನು ಎತ್ತಿಹೇಳಿದನು. ತಂತಿಯ ಎರಡು ತುದಿಗಳನ್ನು ಹಿಡಿದಿರುವ ದಪ್ಪ ಹಿತ್ತಾಳೆಯ ಗಟ್ಟಿಗಳು ಉಷ್ಣವನ್ನು ಹೀರುವುದರಿಂದ, ತೀರ ಗಿಡ್ಡವಾದ ತಂತಿಯು ತನ್ನ ಲೆಕ್ಕಕ್ಕಿಂತ ಹೆಚ್ಚು ಪ್ರವಾಹವನ್ನು ತಾಳುತ್ತದೆ.

ತಂತಿಯು ಕರಗಿದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಕಡಿದ ಎರಡು ತುದಿಗಳ ನಡುವೆ ಲೋಹದ ಆವಿಯಲ್ಲಿ ಜ್ವಾಲೆಯೊಂದು ಕಮಾನಿನಂತೆ ನಿಂತು, ಅದರ ಮೂಲಕ ವಿದ್ಯುತ್ತು ಹರಿಯುತ್ತಲೇ ಇರಬಹುದು. ಸಣ್ಣ ಪ್ರವಾಹದಲ್ಲಿ ಇದು ಕಿಡಿಯಾಗಿ ಹೋಗುವುದು. ದೊಡ್ಡ ಪ್ರವಾಹದಲ್ಲಿ ಫ್ಯೂಸಿನ ಗೂಡೇ ಸಿಡಿಯುವುದು. ವಿದ್ಯುದಾಗಾರಗಳು ದೊಡ್ಡವಾದಂತೆಲ್ಲ ಬಯಲಿಗೆ ತೆರೆದ ತಂತಿಯು ನಿಷ್ಪ್ರಯೋಜಕವಾಯಿತು. ಇಂಗ್ಲೆಂಡಿನ ಮಾರ್ಡೆ ಎಂಬಾತನು 1890ರಲ್ಲಿ ಪೇಟೆಂಟನ್ನು ಪಡೆದ ಫ್ಯೂಸಿನಲ್ಲಿ ತಾಮ್ರದ ತಂತಿಯು ಕೊಳವೆಯೊಳಗೆ ಇದ್ದು, ಅದರ ಸುತ್ತ ಸೀಮೆಸುಣ್ಣ, ಅಮೃತಶಿಲೆಯ ಪುಡಿ, ಮರಳು ಮುಂತಾದ ಉರಿಯದ ಪುಡಿಯನ್ನು ತುಂಬಿದ್ದಿತು. ಇದು ಅತಿ ದೂರದೃಷ್ಟಿಯ ಕೆಲಸ. ಇಂದು ಕಾರ್ಖಾನೆಗಳಲ್ಲಿ ಬಳಸುವ ಪಿಂಗಾಣಿ ಕೊಳವೆಯ ಬಲಿಷ್ಠ ಫ್ಯೂಸುಗಳಲ್ಲಿ ತುಂಬಿರುವುದು ಅದೇ ಬೆಣಚುಕಲ್ಲಿನ ಮರಳು. ಜ್ವಾಲೆಯ ಶಾಖಕ್ಕೆ ಮರಳು ಕರಗಿ ಗಾಜಿನಂತಹ ಗಟ್ಟಿಯಾಗುತ್ತದೆ. ಕರಗುವುದರಲ್ಲಿ ಜ್ವಾಲೆಯ ಶಕ್ತಿಯನ್ನೆಲ್ಲ ಹೀರಿ ಅದನ್ನು ನಂದಿಸುತ್ತದೆ. ಸೆಕೆಂಡಿಗೆ 50 ಆವೃತ್ತಿಯ ವಿದ್ಯುತ್ತಿನಲ್ಲಿ ಪ್ರವಾಹವು ಸೊನ್ನೆಯಿಂದ ತನ್ನ ಶಿಖರಕ್ಕೆ ಏರಲು ಸೆಕೆಂಡಿನ ಇನ್ನೂರರಲ್ಲೊಂದು ಪಾಲು ಬೇಕು. ಷಾರ್ಟ್ ಸರ್ಕ್ಯೂಟಿನ ಮಹಾಪ್ರವಾಹವು ಆ ಶಿಖರವನ್ನು ಮುಟ್ಟುವ ಮೊದಲೇ ಈ ಫ್ಯೂಸು ಅದನ್ನು ಕತ್ತರಿಸಿರುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿದಿದ್ದಿತು. ತಾಮ್ರವೂ ಬೆಳ್ಳಿಯೂ ಮಹಾಪ್ರವಾಹಕ್ಕೆ ಚೆನ್ನಾಗಿ ಕರಗುತ್ತವೆ. ಆದರೆ ಪ್ರವಾಹವು ಮಿತಿಗಿಂತ ಸ್ವಲ್ಪವೇ ಹೆಚ್ಚಾಗಿ ಗಂಟೆಗಟ್ಟಲೆ ಹರಿದರೆ, ತಾಮ್ರವು ತನ್ನ ದ್ರವಬಿಂದುವಾದ 1085 ಡಿಗ್ರಿಯತ್ತ ನಿಧಾನವಾಗಿ ಏರುತ್ತ, ಫ್ಯೂಸಿನ ಗೂಡನ್ನೇ ಸುಡುವ ಸ್ಥಿತಿಗೆ ಬರುತ್ತದೆ. 1939ರಲ್ಲಿ ಮೆಟ್‌ಕಾಫ್ ಎಂಬಾತನು ಇದರ ಪರಿಹಾರವನ್ನು ವಿವರಿಸಿದನು. ತಾಮ್ರದ ಎಳೆಯ ಮೇಲೆ ಒಂದೆಡೆ ತವರದ ಪುಟ್ಟ ಹನಿಯನ್ನು ಅಂಟಿಸಿಡಬೇಕು. 232 ಡಿಗ್ರಿಯಲ್ಲಿ ತವರವು ಕರಗುತ್ತದೆ. ಕರಗಿದ ತವರವು, ನೀರು ಉಪ್ಪನ್ನು ಕರಗಿಸುವಂತೆ, ತನ್ನಡಿಯ ತಾಮ್ರವನ್ನು ತನ್ನೊಳಗೆ ಕರಗಿಸಿಕೊಳ್ಳಲಾರಂಭಿಸಿ, ಸಾವಿರ ಡಿಗ್ರಿಗೆ ಹೋಗದೆಯೇ ತಂತಿಯು ಆ ಜಾಗದಲ್ಲಿ ಕಡಿಯುತ್ತದೆ. ಈ ಪರಿಣಾಮಕ್ಕೆ ಆತನ ಹೆಸರಿನ ಮೊದಲಕ್ಷರವೇ ಗುರುತಾಗಿ ನಿಂತಿದೆ.

ವಿದ್ವಾಂಸರು ಲೋಹವನ್ನು ಹೀಗೆ ವಶಮಾಡಿಕೊಂಡರು; ಗೃಹಸ್ಥರನ್ನು ವಶಮಾಡಿಕೊಳ್ಳುವುದು ಮಾತ್ರ ಅವರಿಂದ ಸುಲಭವಾಗಿ ಆಗಲಿಲ್ಲ. ಅಮೆರಿಕದಲ್ಲಿ ಬಲ್ಬಿನಂತೆ ತಿರುಗಿಸಿ ಕೂರಿಸುವ ಫ್ಯೂಸು ಪ್ರಚಾರದಲ್ಲಿದ್ದಿತು. ಅದು ಹೋದಾಗ ಹೊಸದನ್ನು ಕೊಳ್ಳುವ ಬದಲು ಅದರ ಹಿಂದೆ ತಾಮ್ರದ ಪೆನ್ನಿ ಕಾಸೊಂದನ್ನು ಇಟ್ಟುಬಿಡುವುದು ಗಾದೆಯಾಗುವಷ್ಟು ರೂಢಿಯಾಯಿತು. ದೀಪವೇನೋ ಹತ್ತಿತು, ಮನೆಗೆ ಇನ್ನು ಕಾವಲೇ ಇಲ್ಲ. ಜರ್ಮನರು ಇಂತಹ ಕೈಚಳಕಕ್ಕೆ ಯಂತ್ರದಿಂದಲೇ ಉತ್ತರವನ್ನು ಕೊಟ್ಟರು. ಡಯಜೆಡ್ ಎಂಬ ಅವರ ಫ್ಯೂಸಿನಲ್ಲಿ ಪ್ರತಿಯೊಂದು ಆಂಪಿಯರಿಗೂ ತುದಿಯ ವ್ಯಾಸವು ಬೇರೆ. ಪೀಠದೊಳಗಿನ ಉಂಗುರವು ತನಗಿಂತ ದಪ್ಪನಾದ ತುದಿಯನ್ನು ಒಳಕ್ಕೆ ಬಿಡುವುದಿಲ್ಲ. 10 ಆಂಪಿಯರಿನ ಜಾಗದಲ್ಲಿ 25 ಆಂಪಿಯರಿನದನ್ನು ತುರುಕಲು ಹೋದವನಿಗೆ ಅದು ಕೂಡದು.

ಇಂಗ್ಲಿಷರ ಉತ್ತರವು ಯುದ್ಧದ ಬಡತನದಿಂದ ಹುಟ್ಟಿತು. ಯುದ್ಧಾನಂತರ ಕಟ್ಟಬೇಕಾದ ಮನೆಗಳಿಗೆ ತಾಮ್ರವು ಸಾಲದೆಂದು ಕಂಡು, 1942ರಲ್ಲಿ ಕೂಡಿಸಿದ ಇಪ್ಪತ್ತು ಸದಸ್ಯರ ಸಮಿತಿಯೊಂದು 1944ರಲ್ಲಿ ವರದಿಯನ್ನು ಒಪ್ಪಿಸಿತು. ಅದರಲ್ಲಿದ್ದ ಏಕೈಕ ಮಹಿಳೆ ಕ್ಯಾರೊಲಿನ್ ಹ್ಯಾಸ್ಲೆಟ್. ಒಂದೇ ತಂತಿಯನ್ನು ಬಳೆಯಂತೆ ಮನೆಯ ಸುತ್ತ ಹಾಯಿಸಿ, ಅದಕ್ಕೆ 30 ಆಂಪಿಯರಿನ ಒಂದೇ ಫ್ಯೂಸನ್ನಿಟ್ಟು, ಎಷ್ಟೋ ಪ್ಲಗ್ಗುಗಳನ್ನು ಅದಕ್ಕೆ ಜೋಡಿಸುವುದು ಆ ಯೋಜನೆಯ ಸಾರ. ತಾಮ್ರವು ಉಳಿಯಿತು. ಆದರೆ ಓದುವ ದೀಪದ ಸಣ್ಣ ದಾರಕ್ಕೆ 30 ಆಂಪಿಯರಿನ ಕಾವಲು ಏನೂ ಅಲ್ಲವಷ್ಟೆ. ಆದಕಾರಣ 1947ರಲ್ಲಿ ಪ್ರಕಟವಾದ ಪ್ರಮಾಣಕ್ಕೆ ಅನುಸಾರವಾಗಿ ಒಂದೊಂದು ಪ್ಲಗ್ಗಿನ ಹೊಟ್ಟೆಯೊಳಗೂ ಅದರದೇ ಆದ ಪುಟ್ಟ ಫ್ಯೂಸನ್ನು ಇಡುವ ಪದ್ಧತಿಯು ಅಲ್ಲಿ ಬಂದು, ಇಂದಿಗೂ ನಡೆಯುತ್ತಿದೆ.

ಕನ್ನಡ ನಾಡಿಗೆ ವಿದ್ಯುತ್ತು ಬಂದುದು ತಡವಾಗಿಯೇನೂ ಅಲ್ಲ. ಶಿವನಸಮುದ್ರದ ಜಲಪಾತದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರ ವಿದ್ಯುತ್ತು ಹರಿಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಯಲ್ಲಿ ದೀಪವು ಬೆಳಗಿತು. ಮನೆಗಳಿಗೆ ಬಂದ ಫ್ಯೂಸಾದರೋ ಇಂಗ್ಲಿಷರ ಮಾದರಿಯ ಪಿಂಗಾಣಿಯದು. ಸುಟ್ಟ ಎಳೆಯನ್ನು ತೆಗೆದು ಹೊಸ ಎಳೆಯನ್ನು ಕಟ್ಟಿಕೊಳ್ಳಬಹುದಾದ ಇದಕ್ಕೆ ಅಂಗಡಿಗಳಲ್ಲಿ ಕಿಟ್‌ಕ್ಯಾಟೆಂದು ಹೆಸರು. ಫ್ಯೂಸೆಂಬ ಮಾತು ಬೇಗನೆ ಕನ್ನಡದ್ದೇ ಆಯಿತು. ದೀಪವಾರಿದರೆ ಫ್ಯೂಸು ಹೋಯಿತೆನ್ನುವರು. ಹಣ ಕಟ್ಟದಿದ್ದರೆ ಫ್ಯೂಸು ಕಿತ್ತರೆನ್ನುವರು. ಅಗ್ಗವಾದ ಈ ಪಿಂಗಾಣಿಯ ಗುಣವೇ ಇದರ ದೋಷವೂ ಆಗಿದೆ. ಏನನ್ನು ಕಟ್ಟಿದರೂ ಅದು ಒಪ್ಪಿಕೊಳ್ಳುತ್ತದೆ. ಜರ್ಮನರ ಉಂಗುರದಂತೆ ಬೇಡವೆನ್ನುವ ಅಂಗವು ಇದರಲ್ಲಿಲ್ಲ. ಅಂಗಡಿಯಿಂದ ಅಳತೆಯ ತಂತಿಯನ್ನು ತರುವ ಬೇಸರಕ್ಕೆ ಹಳೆಯ ವೈರಿನಿಂದ ಬಿಡಿಸಿದ ನಾಲ್ಕಾರು ಎಳೆಗಳನ್ನು ಹುರಿಮಾಡಿ ಬಿಗಿದರೆ ದೀಪಗಳು ಹತ್ತುತ್ತವೆ. ಮತ್ತೆ ಆ ಫ್ಯೂಸು ಎಂದೂ ಹೋಗುವುದಿಲ್ಲ. ಮುಂದಿನ ಸಲ ಹೋಗುವುದು ಗೋಡೆಯೊಳಗಿನ ತಂತಿ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಒಂದುಂಟು. ಅದು ಹೆಚ್ಚು ಅಪಾಯಕಾರಿ. ಫ್ಯೂಸು ಇರುವುದರಿಂದ ತಂತಿಯನ್ನು ಮುಟ್ಟಿದರೂ ಪ್ರಾಣಕ್ಕೆ ಭಯವಿಲ್ಲವೆಂದು ಕೆಲವರು ನಂಬಿರುತ್ತಾರೆ. 60 ವಾಟಿನ ಬಲ್ಬೊಂದು ಎಳೆಯುವ ಪ್ರವಾಹವು ಸುಮಾರು ಕಾಲು ಆಂಪಿಯರ್. ಅದಕ್ಕಿಂತ ಎಷ್ಟೋ ಕಡಮೆಯ ಪ್ರವಾಹವು ಎದೆಯ ಮೂಲಕ ಹಾದರೂ ಮನುಷ್ಯನು ಸಾಯಬಲ್ಲನು. ಆ ಪ್ರವಾಹವನ್ನು 5 ಆಂಪಿಯರಿನ ಫ್ಯೂಸು ಗಮನಿಸುವುದೇ ಇಲ್ಲ. ಪ್ರಾಣರಕ್ಷಣೆಗಾಗಿ ಇಡುವ ಸೋರಿಕೆಯ ಕಾವಲು ಬೇರೆಯ ಯಂತ್ರ. ಹೋದ ಪ್ರವಾಹಕ್ಕೂ ಮರಳಿದ ಪ್ರವಾಹಕ್ಕೂ ನಡುವೆ ಆಂಪಿಯರಿನ ನೂರರಲ್ಲಿ ಮೂರು ಪಾಲಿನ ವ್ಯತ್ಯಾಸವು ಕಂಡರೆ ಅದು ಮಂಡಲವನ್ನು ಕಡಿಯುತ್ತದೆ. ಫ್ಯೂಸನ್ನು ನ್ಯೂಟ್ರಲ್ ತಂತಿಯಲ್ಲಿ ಹಾಕಕೂಡದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ವಿಧಿಸಿದುದರ ಮರ್ಮವೂ ಪ್ರಾಣಕ್ಕೇ ಸಂಬಂಧಿಸಿದುದು. ನ್ಯೂಟ್ರಲ್ಲಿನ ಫ್ಯೂಸು ಹೋದರೆ ದೀಪವು ಆರುತ್ತದೆ. ವಿದ್ಯುತ್ತು ಮಾತ್ರ ಸಾಕೆಟ್ಟಿನಲ್ಲಿ ಹಾಗೆಯೇ ಕಾದು ನಿಂತಿರುತ್ತದೆ.

ಹೊಸ ಮನೆಗಳಲ್ಲಿ ಈಗ ಪಿಂಗಾಣಿಯು ಅಪರೂಪ. ಪ್ರವಾಹವು ಹೆಚ್ಚಿದರೆ ತಾನಾಗಿ ಬೀಳುವ, ಬೆರಳಿನಿಂದ ಮತ್ತೆ ಎತ್ತಬಹುದಾದ ಪುಟ್ಟ ಸ್ವಿಚ್ಚುಗಳು ಆ ಸ್ಥಳವನ್ನು ಹಿಡಿದಿವೆ. ಎಡಿಸನ್ನನು ಇಂತಹುದನ್ನು 1879ರಲ್ಲಿಯೇ ಯೋಚಿಸಿದ್ದನು. ಮನೆಗೆ ಹೊಂದುವ ರೂಪವನ್ನು ಅದಕ್ಕೆ ಕೊಟ್ಟವನು 1924ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನ ಹ್ಯೂಗೊ ಷ್ಟೋಟ್ಸ್. ಕಟ್ಟಲು ತಂತಿಯೇ ಇಲ್ಲದುದರಿಂದ ಮನುಷ್ಯನ ಕೈಯೊಡನೆ ನಡೆದ ವ್ಯಾಜ್ಯವು ಮನೆಯೊಳಗೆ ಬಹುಮಟ್ಟಿಗೆ ತೀರ್ಮಾನವಾದಂತಾಯಿತು. ಊರ ಹೊರಗೆ ಅದು ತೀರಿಲ್ಲ. ಹೊಲಗಳ ನಡುವೆ ಎರಡು ಕಂಬಗಳ ಮೇಲೆ ನಿಂತಿರುವ ಟ್ರಾನ್ಸ್‌ಫಾರ್ಮರಿಗೆ ಕಾವಲಾಗಿರುವುದು ಈಗಲೂ ಬಯಲಿನ ಫ್ಯೂಸ್ ತಂತಿಯೇ. ಬೇಸಗೆಯಲ್ಲಿ ಹತ್ತಾರು ಪಂಪುಗಳು ಒಟ್ಟಿಗೆ ಹೊರಟು ಅದು ಕರಗಿದಾಗ, ನೀರಿಗೆ ಆತುರಪಡುವವರ ಒತ್ತಾಯಕ್ಕೆ ಅಳತೆಯಿಲ್ಲದ ಅಲ್ಯೂಮಿನಿಯಮ್ಮಿನ ದಪ್ಪ ಎಳೆಯೊಂದನ್ನು ಅಲ್ಲಿ ಸುತ್ತಿಬಿಡುವುದುಂಟು. ಅಂದಿನ ಸಂಜೆಗೆ ನೀರು ಹರಿಯುತ್ತದೆ. ಆಮೇಲೆ ಒಂದು ದಿನ ಒಳಗಿನ ಸುರುಳಿಯೇ ಸುಟ್ಟು, ಎಣ್ಣೆ ಸೋರುವ ಟ್ರಾನ್ಸ್‌ಫಾರ್ಮರನ್ನು ಗಾಡಿಯಲ್ಲಿ ಹೇರಿ ದುರಸ್ತಿಗೆ ಕಳುಹಿಸಿ, ಅದು ಮರಳಿ ಬರುವ ತನಕ ಆ ಸುತ್ತಿನ ಹೊಲಗಳೆಲ್ಲ ಒಣಗುತ್ತಿರುತ್ತವೆ.